ವೃದ್ಧರ ಸಂಗೀತ ಚಿಕಿತ್ಸೆ: ಉತ್ತರ ಬೆಂಗಳೂರಿನ ಹಿನ್ನೆಲೆಯಲ್ಲಿ ಮಾರ್ಗದರ್ಶಿ ತತ್ವಗಳು

ಹಾಡುವುದು, ಆಲಿಸುವುದು, ವಾದ್ಯ ನುಡಿಸುವುದು, ತಾಳಕ್ಕೆ ಮೈಯಾಡಿಸುವುದು ಇವುಗಳನ್ನು ಗೊತ್ತಾದ ಆರೋಗ್ಯದ ಗುರಿಗಾಗಿ, ತರಬೇತಿ ಪಡೆದ ಚಿಕಿತ್ಸಕರ ಮೂಲಕ, ವಯಸ್ಸಾದವರೊಂದಿಗೆ ಕ್ರಮವಾಗಿ ಬಳಸುವ ಪದ್ಧತಿಯೇ ವೃದ್ಧರ ಸಂಗೀತ ಚಿಕಿತ್ಸೆ. ಮರೆವಿನ ಕಾಯಿಲೆ (ಡಿಮೆನ್ಶಿಯಾ), ಪಾರ್ಕಿನ್ಸನ್ ಕಾಯಿಲೆ, ಲಕ್ವ ಹೊಡೆದ ನಂತರದ ಚೇತರಿಕೆ, ಖಿನ್ನತೆ, ಒಂಟಿತನ ಮತ್ತು ಕೊನೆಗಾಲದ ಉಪಶಮನ ಆರೈಕೆ ಇದರ ಮುಖ್ಯ ಕ್ಷೇತ್ರಗಳು. ಭಾರತದಲ್ಲಿ ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ, 2007 ಪ್ರಕಾರ 60 ವರ್ಷ ತುಂಬಿದವರು ಹಿರಿಯ ನಾಗರಿಕರು. ಈ ಚಿಕಿತ್ಸೆಯ ತತ್ವಗಳು ಎಲ್ಲ ಕಡೆಗೂ ಸಲ್ಲುವಂಥವು. ಆದರೆ ಅವು ಆಚರಣೆಗೆ ಬರುವುದು ಒಂದು ಊರಿನ ಭಾಷೆ, ದುಡಿಮೆ ಮತ್ತು ಹಾಡುಗಳ ನಡುವೆ. ಯಲಹಂಕ, ಹೆಬ್ಬಾಳ, ಯಶವಂತಪುರ, ಆರ್.ಟಿ. ನಗರಗಳನ್ನೊಳಗೊಂಡ ಉತ್ತರ ಬೆಂಗಳೂರನ್ನು ಕಣ್ಣಮುಂದಿಟ್ಟುಕೊಂಡು ಆ ತತ್ವಗಳನ್ನು ಇಲ್ಲಿ ವಿವರಿಸಲಾಗಿದೆ. ಎಲ್ಲಕ್ಕೂ ತಳಹದಿಯಾದ ತತ್ವ ಒಂದೇ: ಚಿಕಿತ್ಸೆಯ ಸಂಗೀತ ಆ ಹಿರಿಯರ ಬದುಕಿನೊಳಗಿಂದಲೇ ಬರಬೇಕು.

ಚಾರಿತ್ರಿಕ ಹಿನ್ನೆಲೆ

ರೋಗಿಯ ಬಳಿ ಹಾಡುಗಾರರಿರಬೇಕೆಂಬುದು ಭಾರತೀಯ ವೈದ್ಯದಲ್ಲಿ ಹಳೆಯ ವಿಚಾರ. ಚರಕಸಂಹಿತೆಯ ಸೂತ್ರಸ್ಥಾನದ 15ನೆಯ ಅಧ್ಯಾಯ ಚಿಕಿತ್ಸಾಗೃಹವನ್ನು ಸಜ್ಜುಗೊಳಿಸುವ ಬಗೆಯನ್ನು ಹೇಳುತ್ತದೆ. ಅಡುಗೆಯವರು, ಸ್ನಾನ ಮಾಡಿಸುವವರು ಮುಂತಾದ ಪರಿಚಾರಕರ ಜೊತೆಗೆ ಗಾಯನ, ವಾದ್ಯ, ಕಥೆ, ಪುರಾಣಗಳಲ್ಲಿ ನುರಿತವರೂ ಅಲ್ಲಿರಬೇಕು. ಅವರು ರೋಗಿಯ ಮನಸ್ಸನ್ನು ಅರಿತವರೂ ಅವನಿಗೆ ಒಪ್ಪಿಗೆಯಾದವರೂ ದೇಶಕಾಲಗಳನ್ನು ಬಲ್ಲವರೂ ಆಗಿರಬೇಕೆಂದು ಆ ಗ್ರಂಥ ನಿಬಂಧನೆ ಹಾಕುತ್ತದೆ. ಇಂದಿನ ಸಂಗೀತ ಚಿಕಿತ್ಸೆಯ ನೀತಿಗೂ ಈ ಮೂರು ನಿಬಂಧನೆಗಳು ಚೆನ್ನಾಗಿ ಒಪ್ಪುತ್ತವೆ.

ವೃತ್ತಿಯಾಗಿ ಸಂಗೀತ ಚಿಕಿತ್ಸೆ ರೂಪುಗೊಂಡದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ, ಗಾಯಗೊಂಡ ಸೈನಿಕರಿದ್ದ ಅಮೆರಿಕದ ಆಸ್ಪತ್ರೆಗಳಲ್ಲಿ. 1944ರಲ್ಲಿ ಮಿಷಿಗನ್ ಸ್ಟೇಟ್ ಸಂಸ್ಥೆ ಮೊದಲ ಪದವಿ ಶಿಕ್ಷಣಕ್ರಮವನ್ನು ಆರಂಭಿಸಿತು. 1950ರಲ್ಲಿ ಅಮೆರಿಕದ ರಾಷ್ಟ್ರೀಯ ಸಂಘ ಹುಟ್ಟಿತು. ಬ್ರಿಟನ್ನಿನಲ್ಲಿ ಸೆಲ್ಲೋ ವಾದಕಿ ಜೂಲಿಯೆಟ್ ಆಲ್ವಿನ್ 1958ರಲ್ಲಿ ಸಂಗೀತ ಚಿಕಿತ್ಸೆಯ ಸಂಘವನ್ನು ಕಟ್ಟಿದರು. ವಿಶ್ವ ಸಂಗೀತ ಚಿಕಿತ್ಸಾ ಒಕ್ಕೂಟ 1985ರಲ್ಲಿ ಇಟಲಿಯ ಜಿನೋವಾದಲ್ಲಿ ಸ್ಥಾಪನೆಯಾಯಿತು. ದಕ್ಷಿಣ ಭಾರತದಲ್ಲಿ ಪುದುಚೇರಿಯ ಶ್ರೀ ಬಾಲಾಜಿ ವಿದ್ಯಾಪೀಠ ವೈದ್ಯಕೀಯ ಕಾಲೇಜಿನ ಆವರಣದಲ್ಲೇ ಸಂಗೀತ ಚಿಕಿತ್ಸೆಯ ಶಿಕ್ಷಣ ಮತ್ತು ಸಂಶೋಧನೆಗೆ ಕೇಂದ್ರವನ್ನು ತೆರೆಯಿತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಡಾ. ಶಾಂತಲಾ ಹೆಗ್ಡೆಯವರ ನೇತೃತ್ವದ ಮ್ಯೂಸಿಕ್ ಕಾಗ್ನಿಷನ್ ಲ್ಯಾಬ್, ಸಂಗೀತ ಮತ್ತು ಮಿದುಳಿನ ಸಂಬಂಧವನ್ನೂ ನರರೋಗಗಳ ಚೇತರಿಕೆಯಲ್ಲಿ ಸಂಗೀತದ ಬಳಕೆಯನ್ನೂ ಅಧ್ಯಯನ ಮಾಡುತ್ತಿದೆ.

ಉತ್ತರ ಬೆಂಗಳೂರಿನ ಹಿರಿಯರು, ಅವರ ಹಾಡುಗಳು

ಈ ಭಾಗದ ಹಿರಿಯರನ್ನು ಒಂದೇ ಗುಂಪೆಂದು ಎಣಿಸಿದರೆ ಚಿಕಿತ್ಸೆ ಮೊದಲ ಹೆಜ್ಜೆಯಲ್ಲೇ ತಪ್ಪುತ್ತದೆ. ಯಲಹಂಕ, ಜಕ್ಕೂರು, ಕೊಡಿಗೇಹಳ್ಳಿ, ನಾಗವಾರ ಇವೆಲ್ಲ ಮೊದಲು ಹೊಲ, ತೋಟ, ಕೆರೆಗಳ ಹಳ್ಳಿಗಳು. ಅಲ್ಲೇ ಹುಟ್ಟಿ ಬೆಳೆದವರಿಗೆ ಸೋಬಾನೆ ಪದ, ಬೀಸುವ ಪದ, ಕೋಲಾಟದ ಪದ, ದೇವರ ಉತ್ಸವದ ತಮಟೆ ಮೈಗೂಡಿವೆ. ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆಯ ಹಳ್ಳಿಗಳಲ್ಲಿ ಕುರುಕ್ಷೇತ್ರದಂಥ ಪೌರಾಣಿಕ ನಾಟಕ ಆಡಿಸುವುದು ಊರಹಬ್ಬದಷ್ಟೇ ದೊಡ್ಡ ಸಂಭ್ರಮ. ಹಾರ್ಮೋನಿಯಂ ಮೇಷ್ಟ್ರ ಕೈಕೆಳಗೆ ತಿಂಗಳುಗಟ್ಟಲೆ ತಾಲೀಮು ಮಾಡಿ, ಭೀಮನೋ ದುರ್ಯೋಧನನೋ ಆಗಿ ರಂಗಗೀತೆ, ಕಂದಪದ್ಯಗಳನ್ನು ಹಾಡಿದ ಗಂಡಸರು ಈ ಸೀಮೆಯಲ್ಲಿ ಬಹಳ ಮಂದಿ. ಚಿಂತಾಮಣಿ ತಾಲ್ಲೂಕಿನ ಕೈವಾರದ ತಾತಯ್ಯನವರ ಕನ್ನಡ, ತೆಲುಗು ತತ್ವಪದಗಳು ಈ ಬಯಲುಸೀಮೆಯ ಭಜನೆ ಮನೆಗಳಲ್ಲಿ ಇಂದಿಗೂ ಕೇಳಿಬರುತ್ತವೆ.

ಇನ್ನೊಂದು ಗುಂಪು ಕಾರ್ಖಾನೆ ಮತ್ತು ಕಚೇರಿಗಳದ್ದು. ಜಾಲಹಳ್ಳಿಯ ಎಚ್.ಎಂ.ಟಿ. (1953) ಮತ್ತು ಬಿ.ಇ.ಎಲ್. (1954), ಯಶವಂತಪುರದ ಬಳಿಯ ಸೋಪ್ ಫ್ಯಾಕ್ಟರಿ, ಯಲಹಂಕದ ವಾಯುಪಡೆ ನೆಲೆ (1963), 1984ರಲ್ಲಿ ಕೆಲಸ ಶುರುಮಾಡಿದ ರೈಲ್ವೆ ಗಾಲಿ ಕಾರ್ಖಾನೆ, ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯ (1964) ಇವು ಕರ್ನಾಟಕದ ಎಲ್ಲ ಮೂಲೆಗಳಿಂದಲೂ ನೆರೆರಾಜ್ಯಗಳಿಂದಲೂ ಜನರನ್ನು ಕರೆತಂದವು. ಅವರು ನಿವೃತ್ತರಾಗಿ ವಿದ್ಯಾರಣ್ಯಪುರ, ಯಲಹಂಕ ಉಪನಗರ, ಮತ್ತಿಕೆರೆ, ಸಹಕಾರನಗರಗಳಲ್ಲಿ ನೆಲೆಸಿದ್ದಾರೆ. ರವೀಂದ್ರನಾಥ ಟ್ಯಾಗೋರರ ಹೆಸರು ಹೊತ್ತ ಆರ್.ಟಿ. ನಗರ ಮತ್ತು ಅದರ ಸುತ್ತಿನ ಬಡಾವಣೆಗಳಲ್ಲಿ ಉರ್ದು, ತಮಿಳು, ತೆಲುಗು, ಕನ್ನಡ ಒಂದೇ ಬೀದಿಯಲ್ಲಿ ಕಿವಿಗೆ ಬೀಳುತ್ತವೆ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಆರಂಭವಾದ ಮೇಲೆ ಬಳ್ಳಾರಿ ರಸ್ತೆಯುದ್ದಕ್ಕೂ ಅಪಾರ್ಟ್‌ಮೆಂಟುಗಳು ಎದ್ದವು. ಮಕ್ಕಳ ಜೊತೆ ಇರಲೆಂದು ಊರು ಬಿಟ್ಟು ಬಂದ ತಂದೆತಾಯಿಯರು ಮೂರನೆಯ ಗುಂಪು. ಧಾರವಾಡದ ಕಡೆಯವರಿಗೆ ದಾಸರ ಪದ ಹಿಂದೂಸ್ತಾನಿ ಧಾಟಿಯಲ್ಲೇ ಕೇಳಬೇಕು. ಕರಾವಳಿಯಿಂದ ಬಂದವರಿಗೆ ಯಕ್ಷಗಾನದ ಚೆಂಡೆ ಕಿವಿಗೆ ಬಿದ್ದರೆ ಸಾಕು. ನೆರೆಹೊರೆಯ ಭಾಷೆ ಬಾರದೆ ಮನೆಯೊಳಗೇ ಉಳಿಯುವ ಹಿರಿಯರ ಒಂಟಿತನ ಈ ಗುಂಪಿನ ದೊಡ್ಡ ಸಮಸ್ಯೆ.

ವೈಜ್ಞಾನಿಕ ಆಧಾರ

ಭಾರತದಲ್ಲಿ 60 ದಾಟಿದವರಲ್ಲಿ ಶೇ. 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನ, ಡಿಮೆನ್ಶಿಯಾದಿಂದ ಬಳಲುತ್ತಿದ್ದಾರೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಂದಾಜು ಹೇಳುತ್ತದೆ. ಮಾತು, ಹೆಸರು, ದಿಕ್ಕು ಮರೆತವರೂ ಹಳೆಯ ಹಾಡನ್ನು ಗುರುತಿಸುವುದನ್ನು, ಕೆಲವೊಮ್ಮೆ ಪೂರ್ತಿ ಹಾಡುವುದನ್ನು ಮನೆಯವರು ಕಂಡಿರುತ್ತಾರೆ. ಇದಕ್ಕೆ ಒಂದು ವಿವರಣೆ 2015ರಲ್ಲಿ ‘ಬ್ರೇನ್’ ನಿಯತಕಾಲಿಕದಲ್ಲಿ ಬಂತು. ಬಹುಕಾಲದಿಂದ ಬಲ್ಲ ಸಂಗೀತವನ್ನು ಗುರುತಿಸುವಾಗ ಕೆಲಸ ಮಾಡುವ ಮಿದುಳಿನ ಭಾಗಗಳು ಅಲ್ಝೈಮರ್ಸ್ ಕಾಯಿಲೆಯಲ್ಲಿ ಇತರ ಭಾಗಗಳಿಗಿಂತ ಕಡಿಮೆ ಹಾನಿಗೊಳಗಾಗುತ್ತವೆಂದು ಆ ಅಧ್ಯಯನ ತೋರಿಸಿತು. ಹತ್ತರಿಂದ ಮೂವತ್ತರವರೆಗಿನ ವಯಸ್ಸಿನ ನೆನಪುಗಳು ಮುಪ್ಪಿನಲ್ಲಿ ಹೆಚ್ಚು ಗಟ್ಟಿಯಾಗಿ ಉಳಿಯುತ್ತವೆ ಎಂಬುದೂ ಮನೋವಿಜ್ಞಾನ ಮತ್ತೆ ಮತ್ತೆ ಕಂಡುಕೊಂಡ ಸಂಗತಿ.

ಲಕ್ವದ ಚೇತರಿಕೆಯಲ್ಲಿ ಫಿನ್ಲೆಂಡಿನ ತೆಪ್ಪೊ ಸಾರ್ಕಾಮೊ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ 60 ರೋಗಿಗಳ ಅಧ್ಯಯನ ಹೆಸರಾದದ್ದು. ಎರಡು ತಿಂಗಳು ಪ್ರತಿದಿನ ತಮಗಿಷ್ಟವಾದ ಸಂಗೀತ ಕೇಳಿದವರಲ್ಲಿ ಮಾತಿನ ನೆನಪು ಮತ್ತು ಗಮನಶಕ್ತಿ ಉಳಿದವರಿಗಿಂತ ಚೆನ್ನಾಗಿ ಸುಧಾರಿಸಿದವು. ಮಾತು ನಿಂತುಹೋದವರಿಗಾಗಿ ಬಾಸ್ಟನ್ನಿನ ತಜ್ಞರು 1973ರಲ್ಲಿ ಪ್ರಕಟಿಸಿದ ಪದ್ಧತಿಯಲ್ಲಿ, ದಿನಬಳಕೆಯ ಮಾತನ್ನು ಎರಡು ಸ್ವರಗಳಲ್ಲಿ ಎಳೆದು ಹಾಡಿಸುತ್ತಾ ಎಡಗೈಯಿಂದ ತಾಳ ಹಾಕಿಸುತ್ತಾರೆ. ‘ನೀರು ಬೇಕು’ ಎಂಬ ಮಾತನ್ನು ಷಡ್ಜ, ಗಾಂಧಾರಗಳ ನಡುವೆ ತೂಗಿ ಹಾಡಿಸುತ್ತಾ ಬಂದು, ಕ್ರಮೇಣ ರಾಗವನ್ನು ಕಳಚಿ ಮಾತನ್ನು ಉಳಿಸುವುದು ಇದರ ಕನ್ನಡ ರೂಪವಾಗಬಹುದು. ಪಾರ್ಕಿನ್ಸನ್ ಕಾಯಿಲೆಯವರ ನಡಿಗೆಗೆ ಲಯದ ಆಸರೆ ಕೊಡುವ ವಿಧಾನವನ್ನು ಮೈಕೆಲ್ ಥಾಟ್ ಮತ್ತು ಸಹೋದ್ಯೋಗಿಗಳು 1990ರ ದಶಕದಲ್ಲಿ ಬೆಳೆಸಿದರು.

ಡಿಮೆನ್ಶಿಯಾದಲ್ಲಿ ಸಂಗೀತ ಚಿಕಿತ್ಸೆಯ ಫಲವನ್ನು ತೂಗಿ ನೋಡುವ ಕಾಕ್ರೇನ್ ಸಮೀಕ್ಷೆಯ 2025ರ ಆವೃತ್ತಿ 15 ದೇಶಗಳ 30 ಅಧ್ಯಯನಗಳನ್ನು, 1,720 ಜನರ ಮಾಹಿತಿಯನ್ನು ಒಟ್ಟುಗೂಡಿಸಿತು. ಚಿಕಿತ್ಸೆಯ ಕೊನೆಯ ಹೊತ್ತಿಗೆ ಖಿನ್ನತೆಯ ಲಕ್ಷಣಗಳು ತಗ್ಗುವ ಸಾಧ್ಯತೆ ಹೆಚ್ಚು, ವರ್ತನೆಯ ತೊಂದರೆಗಳು ಒಟ್ಟಾರೆ ಕಡಿಮೆಯಾಗಬಹುದು, ಆದರೆ ಕೆರಳುವಿಕೆಯ ಮೇಲೆ ಹೆಚ್ಚಿನ ಪರಿಣಾಮವಿಲ್ಲ ಎಂಬುದು ಅದರ ತೀರ್ಮಾನ. ಈ ಹದವರಿತ ತೀರ್ಮಾನವನ್ನು ಮನೆಯವರಿಗೆ ಮೊದಲ ಭೇಟಿಯಲ್ಲೇ ತಿಳಿಸುವುದು ಪ್ರಾಮಾಣಿಕ ಚಿಕಿತ್ಸೆಯ ಲಕ್ಷಣ.

ಮಾರ್ಗದರ್ಶಿ ತತ್ವಗಳು

*1. ಮೊದಲು ಕೇಳಿ ತಿಳಿಯುವುದು.* ಹಾಡುವ ಮೊದಲು ಆ ಹಿರಿಯರ ಸಂಗೀತದ ಚರಿತ್ರೆಯನ್ನು ಬರೆದುಕೊಳ್ಳಬೇಕು. ಹುಟ್ಟಿದ ಊರು ಮತ್ತು ವರ್ಷ, ಮನೆಮಾತು, ಮಾಡಿದ ಕೆಲಸ, ಮನೆಯಲ್ಲಿ ರೇಡಿಯೋ ಬಂದ ಕಾಲ, ಮದುವೆಯಲ್ಲಿ ಹಾಡಿದವರು, ಭಜನೆ ಅಥವಾ ನಾಟಕದ ನಂಟು, ಕೇಳಲು ಮನಸ್ಸಿಲ್ಲದ ಹಾಡುಗಳು ಇವೆಲ್ಲ ಅದರಲ್ಲಿರಬೇಕು. ಹುಟ್ಟಿದ ವರ್ಷ ಗೊತ್ತಾದರೆ ಹುಡುಕಾಟ ಹತ್ತಿರವಾಗುತ್ತದೆ. 1945ರಲ್ಲಿ ಹುಟ್ಟಿದವರ ಹತ್ತರಿಂದ ಮೂವತ್ತರ ಕಾಲ 1955ರಿಂದ 1975. ಆಕಾಶವಾಣಿಯ ಬೆಂಗಳೂರು ನಿಲಯ ಆರಂಭವಾದದ್ದು 1955ರಲ್ಲಿ, ವಿವಿಧಭಾರತಿ 1957ರಲ್ಲಿ. ಆ ದಿನಗಳ ‘ರಾಜ್‌ಕುಮಾರ್ ಹಾಡು’ ಬಹುಪಾಲು ಪಿ.ಬಿ. ಶ್ರೀನಿವಾಸ್ ಅವರ ಕಂಠದ್ದು. ರಾಜ್‌ಕುಮಾರ್ ತಮ್ಮ ಹಾಡುಗಳನ್ನು ತಾವೇ ಹಾಡತೊಡಗಿದ್ದು 1974ರ ‘ಸಂಪತ್ತಿಗೆ ಸವಾಲ್’ ನಂತರ. 1955ರ ಆಸುಪಾಸಿನಲ್ಲಿ ಹುಟ್ಟಿದವರಿಗಾದರೆ ಮೈಸೂರು ಅನಂತಸ್ವಾಮಿಯವರ 1978ರ ‘ನಿತ್ಯೋತ್ಸವ’ ಕ್ಯಾಸೆಟ್ ಯೌವನದ ಸಂಗಾತಿ. ಹಾಡು ಮಾತ್ರವಲ್ಲ, ಅಂದು ಕೇಳಿದ ಕಂಠ, ವಾದ್ಯ, ಧಾಟಿ ಕೂಡ ನೆನಪಿಗೆ ದಾರಿ ತೋರುತ್ತವೆ. ಹೊಸ ರೀಮಿಕ್ಸ್ ಈ ಕೆಲಸ ಮಾಡುವುದಿಲ್ಲ.

*2. ಒಪ್ಪಿಗೆ ಮತ್ತು ಗೌರವ.* ಹಾಡಲು, ಹಾಡದಿರಲು, ನಡುವೆ ಎದ್ದುಹೋಗಲು ಹಿರಿಯರಿಗೆ ಹಕ್ಕಿದೆ. ಮಾತಿನಲ್ಲಿ ಒಪ್ಪಿಗೆ ಹೇಳಲಾರದವರ ಮುಖ, ಕೈ, ಉಸಿರಾಟವನ್ನು ಗಮನಿಸಿ ಪ್ರತಿ ಸಲವೂ ಒಪ್ಪಿಗೆಯನ್ನು ಹೊಸದಾಗಿ ಅರಿಯಬೇಕು. ಯಾವಾಗಲೂ ‘ನೀವು’ ಎಂದೇ ಮಾತಾಡಿಸಬೇಕು. ‘ಅಜ್ಜಿ’, ‘ತಾತ’ ಎಂಬ ಕರೆ ಎಲ್ಲರಿಗೂ ಹಿಡಿಸದು. ಶಾಲೆಯಲ್ಲಿ ಪಾಠ ಹೇಳಿದವರು ‘ಮೇಷ್ಟ್ರೇ’ ಎಂದಾಗ, ಕಾರ್ಖಾನೆಯಲ್ಲಿ ಮೇಲ್ವಿಚಾರಕರಾಗಿದ್ದವರು ‘ಸಾರ್’ ಎಂದಾಗ, ಮನೆತನದ ಯಜಮಾನಿ ‘ಅಮ್ಮಾವ್ರೇ’ ಎಂದಾಗ ತಲೆಯೆತ್ತಿ ನೋಡಬಹುದು. ಹೇಗೆ ಕರೆಯಬೇಕೆಂದು ಅವರನ್ನೇ ಕೇಳುವುದು ಸರಿ. ಶಿಶುಗೀತೆ ಹಾಡಿಸುವುದು, ಬಣ್ಣದ ಗಿಲಕಿ ಕೈಗಿಡುವುದು, ತಪ್ಪು ಹಾಡಿದಾಗ ನಗುವುದು ಅವಮಾನವಾಗುತ್ತದೆ. ಖಂಜಿರ, ತಾಳ, ಚಿಟಿಕೆ, ಕೋಲಾಟದ ಕೋಲು ದೊಡ್ಡವರ ವಾದ್ಯಗಳು. ಅವನ್ನು ಕೊಟ್ಟರೆ ಕೈಗಳು ತಾವಾಗಿ ಕೆಲಸ ಶುರುಮಾಡುತ್ತವೆ. ಹಿರಿಯರು ಹಾಡುತ್ತಿರುವ ವಿಡಿಯೋವನ್ನು ಅವರ ಅನುಮತಿಯಿಲ್ಲದೆ ವಾಟ್ಸಾಪಿಗೆ ಹಾಕಬಾರದು.

*3. ಕಿವಿ, ಶ್ರುತಿ ಮತ್ತು ಸುತ್ತಲ ಸದ್ದು.* ವಯಸ್ಸಾದಂತೆ ಮೊದಲು ಕುಗ್ಗುವುದು ಎತ್ತರದ ಸ್ವರಗಳನ್ನು ಕೇಳುವ ಶಕ್ತಿ. ಮೆಲುದನಿ ಕೇಳದು, ಸ್ವಲ್ಪ ಜೋರಾದರೆ ಕಿವಿ ನೋಯುತ್ತದೆ. ಆದ್ದರಿಂದ ಚಿಕಿತ್ಸೆಗೆ ಮುನ್ನ ಕಿವಿಯ ಪರೀಕ್ಷೆ ಆಗಬೇಕು, ಕಿವಿಯಲ್ಲಿ ಕುಗ್ಗೆ ಕಟ್ಟಿದೆಯೇ ನೋಡಬೇಕು. ಕಿವಿಗೆ ಹಾಕುವ ಮಿಷನ್ನು ಮಾತಿಗೆಂದು ಹೊಂದಿಸಿದ್ದರಿಂದ ಸಂಗೀತವನ್ನು ಒಡಕಾಗಿ ಕೇಳಿಸಬಹುದು. ಕೆಲವು ಮಿಷನ್ನುಗಳಲ್ಲಿ ಸಂಗೀತಕ್ಕೇ ಬೇರೆ ವ್ಯವಸ್ಥೆ ಇರುತ್ತದೆ. ಹೆಡ್‌ಫೋನಿನ ಸದ್ದು ಮಿತಿಯಲ್ಲಿರಬೇಕು. ವಾರಕ್ಕೆ 40 ಗಂಟೆ, 80 ಡೆಸಿಬೆಲ್ ಎಂಬುದು ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹಾಕಿದ ಮೇಲ್ಮಿತಿ. ಮುಪ್ಪಿನಲ್ಲಿ ಹೆಂಗಸರ ಕಂಠ ತಗ್ಗುತ್ತದೆ, ಗಂಡಸರದು ಸಣ್ಣಗಾಗುತ್ತದೆ, ಉಸಿರು ಕಿರಿದಾಗುತ್ತದೆ. ಹಿಂದೆ ಐದೂವರೆ ಮನೆ ಶ್ರುತಿಯಲ್ಲಿ ಹಾಡುತ್ತಿದ್ದವರಿಗೂ ಈಗ ಒಂದೆರಡು ಮನೆ ಇಳಿಸಿ, ಸಾಲುಗಳ ನಡುವೆ ಉಸಿರಿಗೆ ಬಿಡುವು ಕೊಟ್ಟು ಹಾಡಿಸಬೇಕು.

ಸ್ಥಳದ ಆಯ್ಕೆಯೂ ಚಿಕಿತ್ಸೆಯ ಭಾಗ. ಟಿ.ವಿ., ಮಿಕ್ಸಿ, ಹಳೆಯ ಫ್ಯಾನಿನ ಸದ್ದು ನಿಲ್ಲಿಸಬೇಕು. ಹೆಬ್ಬಾಳದ ಮೇಲ್ಸೇತುವೆಯ ಹತ್ತಿರದ ಮನೆಗಳಲ್ಲಿ ರಸ್ತೆಯ ಕಡೆಯ ಕಿಟಕಿ ಮುಚ್ಚಿ ಒಳಕೋಣೆಯಲ್ಲಿ ಕೂರುವುದು ಮೇಲು. ಯಶವಂತಪುರದ ರೈಲುಹಳಿಯ ಪಕ್ಕದಲ್ಲಿದ್ದರೆ ರೈಲಿನ ಹೊತ್ತು ತಪ್ಪಿಸಿ ಸಮಯ ಗೊತ್ತುಮಾಡಬಹುದು. 1996ರಿಂದ ಯಲಹಂಕದಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ಏರೋ ಇಂಡಿಯಾದ ದಿನಗಳಲ್ಲಿ ಯುದ್ಧವಿಮಾನಗಳ ಆರ್ಭಟ ಮರೆವಿನ ಕಾಯಿಲೆಯವರನ್ನು ಬೆದರಿಸಬಲ್ಲದು. ಆ ವಾರ ಗುಂಪು ಸೇರಿಸುವ ಬದಲು ಮನೆಯಲ್ಲೇ ಒಬ್ಬೊಬ್ಬರ ಬಳಿ ಕುಳಿತು ಹಾಡುವುದು ಒಳ್ಳೆಯದು.

*4. ಗುರಿ ಸ್ಪಷ್ಟವಾಗಿರುವುದು.* ‘ಮನಸ್ಸಿಗೆ ಹಿತ’ ಎಂಬುದು ಒಳ್ಳೆಯ ಆಶಯ, ಆದರೆ ಚಿಕಿತ್ಸೆಗೆ ಸಾಲದು. ಸ್ನಾನಕ್ಕೆ ಕರೆದಾಗ ಗಾಬರಿ ಕಡಿಮೆಯಾಗಬೇಕು, ದಿನಕ್ಕೆ ಹತ್ತು ಮಾತಾದರೂ ಆಡುವಂತಾಗಬೇಕು, ಮಂಚದಿಂದ ಬಚ್ಚಲಿಗೆ ನಡೆಯುವಾಗ ಹೆಜ್ಜೆ ತಡೆಯಬಾರದು, ವಾರಕ್ಕೊಮ್ಮೆಯಾದರೂ ನೆರೆಯವರ ಜೊತೆ ಕೂರುವಂತಾಗಬೇಕು. ಗುರಿ ಇಷ್ಟು ಬಿಡಿಯಾಗಿದ್ದರೆ ಹಾಡಿನ ಆಯ್ಕೆ, ಹೊತ್ತು, ವಿಧಾನ ತಾನಾಗಿ ಗೊತ್ತಾಗುತ್ತವೆ. ಗುರಿಯನ್ನು ಹಿರಿಯರೂ ಮನೆಯವರೂ ವೈದ್ಯರೂ ಸೇರಿ ಗೊತ್ತುಮಾಡಬೇಕು.

*5. ಇರುವ ಮನಸ್ಥಿತಿಯಿಂದ ಹೊರಡುವುದು.* ಅಮೆರಿಕದ ಮನೋವೈದ್ಯ ಇರಾ ಆಲ್ಟ್‌ಶುಲರ್ 1940ರ ದಶಕದಲ್ಲಿ ಹೇಳಿದ ತತ್ವವಿದು. ಕೇಳುಗರ ಆಗಿನ ಮನಸ್ಥಿತಿಗೆ ಹೊಂದುವ ಸಂಗೀತದಿಂದ ತೊಡಗಿ, ಸಾವಕಾಶವಾಗಿ ಬೇಕಾದ ಕಡೆಗೆ ಕರೆದೊಯ್ಯಬೇಕು. ಚಡಪಡಿಸುತ್ತಾ ಓಡಾಡುವವರ ಮುಂದೆ ವಿಳಂಬದ ಜೋಗುಳ ಹಾಕಿದರೆ ಅವರಿಗೆ ಕಿರಿಕಿರಿ ಹೆಚ್ಚುತ್ತದೆ. ಅವರ ಹೆಜ್ಜೆಗೆ ಸರಿಯಾದ ಕೋಲಾಟದ ಪದದಿಂದ ಆರಂಭಿಸಿ, ಕಾಲವನ್ನು ಇಳಿಸುತ್ತಾ, ಕೊನೆಗೆ ಕುಳಿತು ಕೇಳುವ ಹಾಡಿಗೆ ಬರಬೇಕು. ಮರೆವಿನ ಕಾಯಿಲೆಯಲ್ಲಿ ಸಂಜೆ ಹೊತ್ತಿಗೆ ‘ಮನೆಗೆ ಹೋಗಬೇಕು’ ಎಂಬ ತಳಮಳ ಏಳುವುದು ಸಾಮಾನ್ಯ. ಅಯೋವಾದ ದಾದಿ, ಸಂಶೋಧಕಿ ಲಿಂಡಾ ಗರ್ಡ್ನರ್ ರೂಪಿಸಿದ ಕ್ರಮದಂತೆ, ತಳಮಳ ಏಳುವ ಹೊತ್ತನ್ನು ಕೆಲವು ದಿನ ಗಮನಿಸಿ, ಅದಕ್ಕಿಂತ ಅರ್ಧ ಗಂಟೆ ಮೊದಲೇ ಅವರಿಗಿಷ್ಟವಾದ ಸಂಗೀತವನ್ನು ಹಾಕಬೇಕು.

*6. ಲಯದಿಂದ ನಡಿಗೆ.* ಪಾರ್ಕಿನ್ಸನ್ ಇದ್ದವರ ಸಹಜ ನಡಿಗೆಯನ್ನು ಮೊದಲು ಎಣಿಸಬೇಕು. ನಿಮಿಷಕ್ಕೆ 90 ಹೆಜ್ಜೆಯಾದರೆ ತಾಳವನ್ನೂ 90ಕ್ಕೇ ಇಡಬೇಕು. ಹೆಜ್ಜೆ ಕೂಡಿಬಂದ ಮೇಲೆ ಶೇ. 5ರಿಂದ 10ರಷ್ಟು, ಅಂದರೆ 95ರಿಂದ 99ರವರೆಗೆ ಏರಿಸಬಹುದು. ಎಣಿಕೆ ನಿಚ್ಚಳವಾದ ಆದಿತಾಳ ಇದಕ್ಕೆ ಸಲ್ಲುತ್ತದೆ. ಏಳು ಅಕ್ಷರದ ಮಿಶ್ರಚಾಪು ಎರಡು ಕಾಲಿನ ನಡಿಗೆಗೆ ಹೊಂದುವುದಿಲ್ಲ. ಈ ಅಭ್ಯಾಸ ಫಿಸಿಯೋಥೆರಪಿಸ್ಟರ ಜೊತೆಗೇ ನಡೆಯಬೇಕು. ನೆಲ ಒಣಗಿರಬೇಕು, ಹಿಡಿಯಲು ಆಸರೆ ಇರಬೇಕು, ಪಕ್ಕದಲ್ಲೊಬ್ಬರು ನಡೆಯುತ್ತಿರಬೇಕು. ನಿಲ್ಲಲಾಗದವರು ಕುರ್ಚಿಯಲ್ಲೇ ಕುಳಿತು ಕೈ, ತೋಳು, ಪಾದಗಳಿಂದ ತಾಳ ಹಾಕಬಹುದು.

*7. ಗುಂಪು, ಅವಧಿ ಮತ್ತು ಕ್ರಮ.* ಆರರಿಂದ ಹತ್ತು ಜನರ ಗುಂಪು, 30ರಿಂದ 45 ನಿಮಿಷ, ವಾರಕ್ಕೆ ಒಂದೆರಡು ಸಲ ಎಂಬುದು ಸಾಮಾನ್ಯ ರೂಢಿ. ಕಾಯಿಲೆ ಮುಂದುವರಿದವರ ಬಳಿ ಒಬ್ಬರೇ ಕುಳಿತು ಹತ್ತಿಪ್ಪತ್ತು ನಿಮಿಷ ಹಾಡುವುದೇ ಹೆಚ್ಚು. ಪ್ರತಿಸಲವೂ ಒಂದೇ ಹಾಡಿನಿಂದ ಆರಂಭ, ಒಂದೇ ಹಾಡಿನಿಂದ ಮುಕ್ತಾಯ ಇದ್ದರೆ ಹೊತ್ತು ಮರೆತವರಿಗೂ ಗುರುತು ಸಿಗುತ್ತದೆ. ಕರ್ನಾಟಕ ಸಂಗೀತದ ಕಛೇರಿ ಕೇಳಿ ಬೆಳೆದವರಿಗೆ ಮಧ್ಯಮಾವತಿ ರಾಗ ಬಂತೆಂದರೆ ಏಳುವ ಹೊತ್ತೆಂದು ತಿಳಿಯುತ್ತದೆ. ಹರಿಕಥೆ, ಭಜನೆಗಳ ಮಂಗಳ, ಹೆಂಗಸರ ಆರತಿ ಹಾಡು ಇದೇ ಕೆಲಸ ಮಾಡುತ್ತವೆ. ಹಲವು ಧರ್ಮದವರಿರುವ ಗುಂಪಿನಲ್ಲಿ, ಮುಖ್ಯವಾಗಿ ಆರ್.ಟಿ. ನಗರದಂಥ ಕಡೆ, ಒಬ್ಬೊಬ್ಬರ ಹೆಸರನ್ನೂ ಹಾಡಿ ಸ್ವಾಗತಿಸುವ ಸರಳ ಧಾಟಿ ಎಲ್ಲರನ್ನೂ ಒಳಗೊಳ್ಳುತ್ತದೆ. ನಾತ್, ಗಜಲ್, ಮೊಹಮ್ಮದ್ ರಫಿಯವರ ಚಿತ್ರಗೀತೆ, ತಮಿಳು ಕ್ರೈಸ್ತಗೀತೆ, ಘಂಟಸಾಲರ ತೆಲುಗು ಪದ್ಯ, ದಾಸರ ಪದ ಸರದಿಯಂತೆ ಬಂದರೆ ಪ್ರತಿಯೊಬ್ಬರೂ ಒಂದು ದಿನ ಗುಂಪಿಗೆ ಕಲಿಸುವವರಾಗುತ್ತಾರೆ. ಭಕ್ತಿಗೀತೆಯೇ ಮುಪ್ಪಿನ ಸಂಗೀತ ಎಂದು ಭಾವಿಸಬಾರದು. ದೇವರ ಹಾಡಿಗಿಂತ ಪ್ರೇಮಗೀತೆಯೇ ಬೇಕೆನ್ನುವ ಎಂಬತ್ತರ ಹಿರಿಯರಿದ್ದಾರೆ. ಅವರ ಬಯಕೆಗೂ ಅಷ್ಟೇ ಬೆಲೆಯಿದೆ.

*8. ನೋವನ್ನು ಗುರುತಿಸುವುದು.* ಸಂಗೀತದಿಂದ ಕೆಡುಕಾಗದು ಎಂಬ ನಂಬಿಕೆ ಸರಿಯಲ್ಲ. ಸಂಗಾತಿಯನ್ನು ಕಳೆದುಕೊಂಡವರಿಗೆ ಮದುವೆಯ ಸೋಬಾನೆ, ಮಗುವನ್ನು ಕಳೆದುಕೊಂಡವರಿಗೆ ಜೋಗುಳ ತೀವ್ರ ದುಃಖ ತರಬಹುದು. ಕಣ್ಣೀರು ಬಂದೊಡನೆ ಹಾಡು ನಿಲ್ಲಿಸಬೇಕಾಗಿಲ್ಲ, ಅಳು ಹಗುರ ಮಾಡುವುದೂ ಉಂಟು. ಆದರೆ ಮುಖ ಬಿಗಿಯುವುದು, ಕಿವಿ ಮುಚ್ಚಿಕೊಳ್ಳುವುದು, ಉಸಿರು ಏರುವುದು ಕಂಡರೆ ನಿಲ್ಲಿಸಿ ಪಕ್ಕದಲ್ಲಿ ಕೂರಬೇಕು. ಗುಂಪು ಚದುರಿದ ಮೇಲೂ ಅವರನ್ನು ಒಂಟಿಯಾಗಿ ಬಿಡಬಾರದು. ಅಪರೂಪಕ್ಕೆ ಕೆಲವರಿಗೆ ಸಂಗೀತವೇ ಮೂರ್ಛೆರೋಗವನ್ನು ಕೆರಳಿಸುತ್ತದೆ, ಆದ್ದರಿಂದ ವೈದ್ಯಕೀಯ ಚರಿತ್ರೆ ತಿಳಿದಿರಬೇಕು. ದಿನವಿಡೀ ಹಾಡು ಹಾಕಿಡುವುದು ಆರೈಕೆಯಾಗುವುದಿಲ್ಲ, ಕಿವಿಗೂ ಮನಸ್ಸಿಗೂ ಮೌನದ ಬಿಡುವು ಬೇಕು. ಹಾಡಿನ ನಡುವೆ ಹಿರಿಯರು ಮನೆಯ ಹಿಂಸೆ, ನಿರ್ಲಕ್ಷ್ಯವನ್ನು ಹೇಳಿಕೊಂಡರೆ ಅದನ್ನು ಕೇಳಿ ಸುಮ್ಮನಾಗುವಂತಿಲ್ಲ. ಹಿರಿಯರ ಸಹಾಯವಾಣಿ 14567 ದೇಶದಾದ್ಯಂತ ಇದೆ.

*9. ಮನೆಯವರನ್ನು ಸೇರಿಸಿಕೊಳ್ಳುವುದು.* ಚಿಕಿತ್ಸಕರು ವಾರಕ್ಕೊಂದು ಗಂಟೆ ಬರುತ್ತಾರೆ. ಉಳಿದ ಹೊತ್ತೆಲ್ಲ ಮಗಳು, ಸೊಸೆ, ಮಗ, ಸಂಗಾತಿ ಅಥವಾ ಆರೈಕೆಗೆ ನಿಂತ ಹುಡುಗಿಯದು. ಸಾರ್ಕಾಮೊ ತಂಡ 2014ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ, ಡಿಮೆನ್ಶಿಯಾ ಇದ್ದವರು ಮತ್ತು ಅವರನ್ನು ನೋಡಿಕೊಳ್ಳುವವರ 89 ಜೋಡಿಗಳಿಗೆ ಹತ್ತು ವಾರ ಹಾಡುವ ಅಥವಾ ಕೇಳುವ ತರಬೇತಿ ಕೊಟ್ಟು ಅದರ ಲಾಭವನ್ನು ತೋರಿಸಲಾಯಿತು. ತಲೆ ಬಾಚುವಾಗ, ಊಟ ಮಾಡಿಸುವಾಗ, ಔಷಧಿ ಕೊಡುವಾಗ ಯಾವ ಹಾಡು ಒದಗುತ್ತದೆಂದು ಮನೆಯವರಿಗೆ ಕಲಿಸಿಕೊಡುವುದು ಚಿಕಿತ್ಸಕರ ದೊಡ್ಡ ಕೊಡುಗೆ. ಕಂಠ ಚೆನ್ನಾಗಿಲ್ಲವೆಂದು ಹಿಂಜರಿಯುವ ಮಗನ ದನಿ, ತಾಯಿಗೆ ಎಷ್ಟೇ ಒಳ್ಳೆಯ ಧ್ವನಿಮುದ್ರಣಕ್ಕಿಂತ ಹತ್ತಿರದ್ದು.

*10. ದಾಖಲೆ ಮತ್ತು ಪರಿಶೀಲನೆ.* ಪ್ರತಿಸಲವೂ ಬಳಸಿದ ಹಾಡು, ಹೊತ್ತು, ಕಂಡ ಪ್ರತಿಕ್ರಿಯೆ, ಮುಂದಿನ ಎರಡು ಮೂರು ಗಂಟೆಯ ನಡವಳಿಕೆಯನ್ನು ಬರೆದಿಡಬೇಕು. ಖಿನ್ನತೆಯನ್ನು ಅಳೆಯಲು 15 ಪ್ರಶ್ನೆಗಳ ಜೆರಿಯಾಟ್ರಿಕ್ ಡಿಪ್ರೆಶನ್ ಸ್ಕೇಲ್, ಡಿಮೆನ್ಶಿಯಾ ಇದ್ದವರಿಗಾದರೆ ಆರೈಕೆದಾರರ ಮಾಹಿತಿಯನ್ನೂ ಬಳಸುವ ಕಾರ್ನೆಲ್ ಮಾಪಕ ಬಳಕೆಯಲ್ಲಿವೆ. ಕೆಲವು ವಾರಗಳಲ್ಲಿ ಫಲ ಕಾಣದಿದ್ದರೆ ವಿಧಾನ ಬದಲಿಸಬೇಕು. ಆಗಲೂ ಫಲವಿಲ್ಲವಾದರೆ ಅದನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು.

ರಾಗ ಚಿಕಿತ್ಸೆಯ ಪ್ರಶ್ನೆ

ಇಂಥ ರೋಗಕ್ಕೆ ಇಂಥ ರಾಗ ಎಂಬ ಪಟ್ಟಿಗಳು ಜನಪ್ರಿಯವಾಗಿವೆ. ಶಿಷ್ಯನ ಹೊಟ್ಟೆನೋವಿಗಾಗಿ ಮುತ್ತುಸ್ವಾಮಿ ದೀಕ್ಷಿತರು ಅಠಾಣ ರಾಗದಲ್ಲಿ ಗುರುಗ್ರಹದ ಕೃತಿ ರಚಿಸಿದರೆಂಬ ಐತಿಹ್ಯವನ್ನು ಸಂಗೀತಗಾರರು ಭಕ್ತಿಯಿಂದ ಹೇಳುತ್ತಾರೆ. ಪಿಟೀಲು ವಿದ್ವಾಂಸ ಕುನ್ನಕ್ಕುಡಿ ವೈದ್ಯನಾಥನ್ ಚೆನ್ನೈನಲ್ಲಿ ರಾಗ ಸಂಶೋಧನಾ ಕೇಂದ್ರ ನಡೆಸಿದರು. ಮೈಸೂರಿನ ಅವಧೂತ ದತ್ತಪೀಠದ ಗಣಪತಿ ಸಚ್ಚಿದಾನಂದ ಸ್ವಾಮೀಜಿ ರಾಗರಾಗಿಣಿ ವಿದ್ಯೆಯ ಹೆಸರಿನಲ್ಲಿ ಹಲವು ದೇಶಗಳಲ್ಲಿ ಕಛೇರಿ ನೀಡಿದ್ದಾರೆ. ಈ ಪರಂಪರೆ ಅನೇಕ ಹಿರಿಯರಿಗೆ ನೆಮ್ಮದಿ ಕೊಟ್ಟಿದೆ. ಆದರೆ ಒಂದು ರಾಗ ಒಂದು ರೋಗವನ್ನು ಎಲ್ಲರಲ್ಲೂ ವಾಸಿಮಾಡುತ್ತದೆ ಎನ್ನುವಷ್ಟು ವೈದ್ಯಕೀಯ ಆಧಾರ ದೊರೆತಿಲ್ಲ. ನೀಲಾಂಬರಿಯ ಜೋಗುಳ ಕೇಳಿ ಬೆಳೆದವರಿಗೆ ಆ ರಾಗ ನಿದ್ದೆ ತರಬಹುದು. ಅದನ್ನು ಕೇಳದೆ ಬೆಳೆದವರಿಗೆ ಅವ್ವ ಬೀಸುತ್ತಾ ಹಾಡುತ್ತಿದ್ದ ಪದವೇ ಆ ಕೆಲಸ ಮಾಡೀತು. ರಾಗದ ಶಕ್ತಿ ಕೇಳುಗರ ಬದುಕಿನ ಜೊತೆಗಿನ ನಂಟಿನಲ್ಲಿದೆ ಎಂದು ತಿಳಿದವರು ಪರಂಪರೆಯನ್ನೂ ವಿಜ್ಞಾನವನ್ನೂ ಒಟ್ಟಿಗೆ ಗೌರವಿಸಬಲ್ಲರು. ಸಂಗೀತವನ್ನು ನೆಚ್ಚಿ ಮಾತ್ರೆ, ಇನ್ಸುಲಿನ್, ತಪಾಸಣೆ ನಿಲ್ಲಿಸುವುದು ಅಪಾಯ.

ಚಿಕಿತ್ಸಕರು ಮತ್ತು ಸಂಸ್ಥೆಗಳು

ಸಂಗೀತ ಚಿಕಿತ್ಸಕರಿಗೆ ಸಂಗೀತದ ಜ್ಞಾನ, ಮುಪ್ಪಿನ ಕಾಯಿಲೆಗಳ ತಿಳಿವಳಿಕೆ, ಮನೋವಿಜ್ಞಾನದ ತರಬೇತಿ ಮೂರೂ ಬೇಕು. ವೃದ್ಧಾಶ್ರಮದಲ್ಲಿ ಹಾಡಲು ಬರುವ ಕಲಾವಿದರು, ಭಜನೆ ಮಂಡಳಿಯವರು, ಕಾಲೇಜು ವಿದ್ಯಾರ್ಥಿಗಳು ಮಾಡುವ ಸೇವೆ ದೊಡ್ಡದು. ಅದನ್ನು ಸಂಗೀತ ಸೇವೆ ಎಂದೇ ಕರೆದು, ಚಿಕಿತ್ಸೆಯ ಹೊಣೆಯನ್ನು ಅವರ ಮೇಲೆ ಹೊರಿಸದಿರುವುದು ಅವರಿಗೂ ಚಿಕಿತ್ಸಕರಿಗೂ ನ್ಯಾಯ.

ಈ ಕೆಲಸಕ್ಕೆ ಒದಗಬಲ್ಲ ಸಂಸ್ಥೆಗಳು ಉತ್ತರ ಬೆಂಗಳೂರಿನಲ್ಲೇ ಇವೆ. 1973ರಲ್ಲಿ ಆರಂಭವಾದ ಹೆಬ್ಬಾಳದ ಬೆಂಗಳೂರು ಬ್ಯಾಪ್ಟಿಸ್ಟ್ ಆಸ್ಪತ್ರೆಗೆ ಉಪಶಮನ ಆರೈಕೆಯ ಅನುಭವವಿದೆ. ಮತ್ತಿಕೆರೆ ಬಳಿಯ ರಾಮಯ್ಯ ವೈದ್ಯಕೀಯ ಕಾಲೇಜು (1979) ವೈದ್ಯಶಿಕ್ಷಣದ ದೊಡ್ಡ ಕೇಂದ್ರ. ಯಶವಂತಪುರಕ್ಕೆ ಹೊಂದಿಕೊಂಡ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಸೆಂಟರ್ ಫಾರ್ ಬ್ರೇನ್ ರಿಸರ್ಚ್, ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ ಮತ್ತು ಬೆಂಗಳೂರು ನಗರದಲ್ಲಿ ಮುಪ್ಪಿನ ಮಿದುಳಿನ ದೀರ್ಘಕಾಲದ ಅಧ್ಯಯನ ನಡೆಸುತ್ತಿದೆ. ಆರ್.ಟಿ. ನಗರದಲ್ಲಿ 1987ರಲ್ಲಿ ಸ್ಥಾಪನೆಯಾದ ಬೆಂಗಳೂರು ಸ್ಕೂಲ್ ಆಫ್ ಮ್ಯೂಸಿಕ್ ಇದೆ. ನಗರದ ಮಟ್ಟದಲ್ಲಿ 1998ರಲ್ಲಿ ಹುಟ್ಟಿದ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಡಿಮೆನ್ಶಿಯಾ ಆರೈಕೆಗಾಗಿ ಕಸ್ತೂರಿನಗರದಲ್ಲಿ ಕೇಂದ್ರ ನಡೆಸುತ್ತದೆ. ರಾಜ್ಯ ಸರ್ಕಾರ ನಿಮ್ಹಾನ್ಸ್ ಜೊತೆ 2022ರಲ್ಲಿ ಆರಂಭಿಸಿದ ಕರ್ನಾಟಕ ಮಿದುಳು ಆರೋಗ್ಯ ಕಾರ್ಯಕ್ರಮದ ವ್ಯಾಪ್ತಿಯಲ್ಲಿ ಡಿಮೆನ್ಶಿಯಾ ಕೂಡ ಸೇರಿದೆ. ವೈದ್ಯರು, ಸಂಗೀತಗಾರರು, ಮಿದುಳಿನ ವಿಜ್ಞಾನಿಗಳು ಒಂದು ಕಡೆ ಕುಳಿತು ಯೋಜಿಸಿದರೆ ಕನ್ನಡದ ಹಾಡುಗಳನ್ನೇ ಬಳಸಿದ ಅಧ್ಯಯನಗಳು ಇಲ್ಲಿಂದಲೇ ಬರಬಹುದು.

ಮಿತಿಗಳು ಮತ್ತು ಮುಂದಿನ ಕೆಲಸ

ಸಂಗೀತ ಮರೆವಿನ ಕಾಯಿಲೆಯನ್ನು ವಾಸಿಮಾಡುವುದಿಲ್ಲ, ಸತ್ತ ನರಕೋಶವನ್ನು ಬದುಕಿಸುವುದಿಲ್ಲ. ಅದರ ಫಲ ಬಹುಪಾಲು ಆ ಹೊತ್ತಿನದು, ಆದ್ದರಿಂದ ಚಿಕಿತ್ಸೆ ನಿರಂತರವಾಗಿರಬೇಕು. ಲಭ್ಯ ಸಂಶೋಧನೆಯಲ್ಲಿ ಬಹುಭಾಗ ಪಾಶ್ಚಾತ್ಯ ಸಂಗೀತ ಮತ್ತು ಪಾಶ್ಚಾತ್ಯ ವೃದ್ಧಾಶ್ರಮಗಳನ್ನು ಆಧರಿಸಿದ್ದು. ಸೊಸೆಯೇ ದಾದಿಯಾಗಿರುವ, ಒಂದೇ ಮನೆಯಲ್ಲಿ ಮೂರು ತಲೆಮಾರು ಇರುವ ನಮ್ಮ ಸಂಸಾರಗಳಿಗೆ ಅದನ್ನು ಹಾಗೇ ಅನ್ವಯಿಸಲು ಬರುವುದಿಲ್ಲ.

ಎಲ್ಲಕ್ಕಿಂತ ತುರ್ತಾದದ್ದು ಹಾಡುಗಳ ದಾಖಲೆ. ಮರೆವು ಬಲಿತ ಮೇಲೆ ಯಾವ ಹಾಡು ಇಷ್ಟವೆಂದು ಕೇಳಿದರೆ ಉತ್ತರ ಸಿಗದು. ಮಕ್ಕಳಿಗೂ ಅದು ಗೊತ್ತಿರುವುದಿಲ್ಲ. ಆದ್ದರಿಂದ ನಿವೃತ್ತಿಯ ವಯಸ್ಸಿನಲ್ಲೇ ಪ್ರತಿಯೊಬ್ಬರೂ ತಮಗೆ ಬೇಕಾದ ಇಪ್ಪತ್ತು ಮೂವತ್ತು ಹಾಡುಗಳನ್ನು, ಹಾಡಿದವರ ಹೆಸರು ಮತ್ತು ಅದರ ಹಿಂದಿನ ನೆನಪಿನ ಜೊತೆ ಬರೆದು, ಬೇಡವಾದ ಹಾಡುಗಳನ್ನೂ ಗುರುತುಮಾಡಿ, ವೈದ್ಯಕೀಯ ಕಡತದಲ್ಲಿ ಇಡುವುದು ಒಳ್ಳೆಯ ಅಭ್ಯಾಸ. ಅಚ್ಚಿನಲ್ಲೂ ಧ್ವನಿಮುದ್ರಣದಲ್ಲೂ ಇಲ್ಲದ ಹಳ್ಳಿಯ ಪದಗಳನ್ನು ಮೊಮ್ಮಕ್ಕಳು ಫೋನಿನಲ್ಲಿ ಹಿರಿಯರ ದನಿಯಲ್ಲೇ ಮುದ್ರಿಸಿಕೊಳ್ಳಬೇಕು. ಯಲಹಂಕ ಉಪನಗರದ ಪಾರ್ಕಿನಲ್ಲಿ ಬೆಳಿಗ್ಗೆ ಸೇರುವ ಹಿರಿಯರ ಗುಂಪಿನಿಂದ ಹಿಡಿದು ಬಡಾವಣೆಯ ಭಜನೆ ಮಂಡಳಿ, ಮಸೀದಿ, ಚರ್ಚುಗಳವರೆಗೆ ಯಾರು ಬೇಕಾದರೂ ಈ ಕೆಲಸವನ್ನು ಇಂದೇ ಆರಂಭಿಸಬಹುದು. ಇದಕ್ಕೆ ಖರ್ಚಿಲ್ಲ, ಪರಿಣತಿ ಬೇಕಿಲ್ಲ. ಮುಂದೆ ಚಿಕಿತ್ಸಕರು ಬಂದಾಗ ಅವರಿಗೆ ಬೇಕಾಗುವ ಮೊದಲ ಸಾಮಗ್ರಿಯೂ ಇದೇ.